ನಮ್ಮ ದೇವಾಲಯ ವಿದೇಶಿಯೇ?

(ನವೆಂಬರ್ 9, ಲಾತೆರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಸಾಮಾನ್ಯವಾಗಿ ನಾವು ಸಂತರ ಹಬ್ಬ ಮಾಡುತ್ತೇವೆ, ಮಾತೆ ಮರಿಯಮ್ಮನವರ ಹಬ್ಬ ಮಾಡುತ್ತೇವೆ. ಇಂದು ಒಂದು ಕಟ್ಟಡದ ಹಬ್ಬ ಮಾಡುತ್ತಿದ್ದೇವೆ. ಅದೂ ನಮ್ಮಲ್ಲಿ ಬಹುತೇಕರು ಕಣ್ಣಾರೆ ಕಾಣದ, ರೋಮ್ ನಗರದಲ್ಲಿರುವ ಒಂದು ಕಟ್ಟಡದ ಹಬ್ಬ. ಜಗದ್ಗುರುಗಳ ಪ್ರಧಾನಾಲಯ ಸಂತ ಪೇತ್ರರ ಮಹಾದೇವಾಲಯವೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ರೋಮಿನ ಧರ್ಮಾಧ್ಯಕ್ಷರಾಗಿ ಅವರ ಪ್ರಧಾನಾಲಯ ಲಾತೆರನ್. ಕ್ರಿ.ಶ. 324ರಲ್ಲಿ ಜಗದ್ಗುರು ಸಿಲ್ವೆಸ್ತರರು ಅದನ್ನು ದೇವರಿಗೆ ಅರ್ಪಿಸಿದರೆಂದು ಪರಂಪರೆ ಹೇಳುತ್ತದೆ. ಲೋಕದ ಎಲ್ಲ ದೇವಾಲಯಗಳ ತಾಯಿ ಎಂಬ ಗೌರವ ಅದಕ್ಕಿದೆ. ಆ ಲೆಕ್ಕದಲ್ಲಿ ನಮ್ಮ ಈ ಚಿಕ್ಕ ದೇವಾಲಯವೂ ಅದರ ಮಗಳೇ. ಮಗಳ ಮನೆಯಲ್ಲಿ ಇಂದು ತಾಯಿಯ ಹಬ್ಬ.

ಇಂದಿನ ವಾಚನಗಳನ್ನು ನಾವೆಲ್ಲ ಆಲಿಸಿದೆವು. ದೇವಾಲಯದ ಹೊಸ್ತಿಲ ಕೆಳಗಿನಿಂದ ಹೊರಟ ನೀರು ಹರಿದಲ್ಲೆಲ್ಲ ಜೀವ ತುಂಬಿದ್ದನ್ನು ಪ್ರವಾದಿ ಯೆಜೆಕಿಯೇಲರು ಕಂಡರು. ನಾವೇ ದೇವರ ಕಟ್ಟಡ, ಕ್ರಿಸ್ತರೇ ಅದರ ಅಸ್ತಿವಾರ ಎಂದು ಸಂತ ಪೌಲರು ನೆನಪಿಸಿದರು. ಶುಭಸಂದೇಶದಲ್ಲಿ ಪ್ರಭು ಯೇಸು ಹಗ್ಗದ ಚಾವಟಿ ಹಿಡಿದು ವ್ಯಾಪಾರಿಗಳನ್ನು ದೇವಾಲಯದಿಂದ ಹೊರಗಟ್ಟಿದರು. ಈ ಮೂರು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ಒಂದು ಪ್ರಶ್ನೆಯ ಬಗ್ಗೆ ಧ್ಯಾನಿಸೋಣ.

ಆ ಪ್ರಶ್ನೆ ಬಂದದ್ದು ನಮ್ಮ ಧರ್ಮೋಪದೇಶ ತರಗತಿಯಿಂದ. ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಫಾದರ್, ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ನಿಮ್ಮ ಚರ್ಚು ಬ್ರಿಟಿಷರು ಬಿಟ್ಟು ಹೋದದ್ದು ಅಂತಾನೆ. ನಾನು ಏನು ಹೇಳ್ಬೇಕು?" ಎಂದು ಕೇಳಿದ. ಉಳಿದ ಮಕ್ಕಳು ನಕ್ಕರು. ಆದರೆ ಕೇಳಿದವನ ಮುಖದಲ್ಲಿ ನಗುವಿರಲಿಲ್ಲ. ಅವನಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು. ನಮಗೂ ಬೇಕಾಗಿದೆ. ಏಕೆಂದರೆ ಬರುವ ತಿಂಗಳು ನಮ್ಮ ಪಾಲನಾ ಸಮಿತಿ ಈ ಹಳೆಯ ದೇವಾಲಯವನ್ನು ಉಳಿಸಬೇಕೋ ಕೆಡವಬೇಕೋ ಎಂದು ತೀರ್ಮಾನಿಸಬೇಕಾಗಿದೆ. ಕೆಡವೋಣ ಎನ್ನುವವರಲ್ಲಿ ಕೆಲವರು, "ಹೇಗೂ ಇದು ವಿದೇಶಿಯರ ಕಾಲದ್ದು" ಎನ್ನುತ್ತಿದ್ದಾರೆ.

ಮೊದಲು ತಾಯಿಯ ಮನೆಯನ್ನೇ ನೋಡೋಣ. ಲಾತೆರನ್ ಎಂಬುದು ಒಂದು ರೋಮನ್ ಶ್ರೀಮಂತ ಮನೆತನದ ಹೆಸರು. ಅವರಿದ್ದ ಜಾಗ ಚಕ್ರವರ್ತಿಯ ಕೈಸೇರಿತ್ತು. ಕಾನ್‌ಸ್ಟಂಟೈನನು ಅದನ್ನು ಧರ್ಮಸಭೆಗೆ ಕೊಟ್ಟನು. 313ರವರೆಗೆ ಹಿಂಸೆಗೆ ಗುರಿಯಾಗಿ ಮನೆಗಳಲ್ಲಿ ಕೂಡುತ್ತಿದ್ದ ಕ್ರೈಸ್ತರಿಗೆ ಈಗ ದೊಡ್ಡ ಕಟ್ಟಡ ಬೇಕಾಯಿತು. ಅವರು ಯಾವ ಮಾದರಿಯನ್ನು ಆರಿಸಿಕೊಂಡರು? ರೋಮನ್ನರು ನ್ಯಾಯ ತೀರ್ಮಾನಕ್ಕೂ ವ್ಯಾಪಾರದ ಮಾತುಕತೆಗೂ ಬಳಸುತ್ತಿದ್ದ ಉದ್ದನೆಯ ಸಭಾಂಗಣವನ್ನು. ಅದರ ಹೆಸರೇ ಬಸಿಲಿಕ. ನ್ಯಾಯಾಧೀಶನು ಕೂರುತ್ತಿದ್ದ ಕಡೆ ಬಲಿಪೀಠ ಬಂತು. ಕಕ್ಷಿದಾರರು ನಿಲ್ಲುತ್ತಿದ್ದ ಕಡೆ ವಿಶ್ವಾಸಿಗಳು ನಿಂತರು. ಇಂದಿಗೂ ಲಾತೆರನ್ ದೇವಾಲಯದ ಮುಖ್ಯದ್ವಾರದ ಕಂಚಿನ ಕದಗಳು ಪ್ರಾಚೀನ ರೋಮಿನ ಶಾಸನಸಭೆಯ ಕಟ್ಟಡದಿಂದ ತಂದವು. ಎಲ್ಲ ದೇವಾಲಯಗಳ ತಾಯಿಯೇ ಹೀಗೆ ಎರವಲು ಉಡುಗೆ ತೊಟ್ಟವಳು! ಶಿಲುಬೆಯ ಧರ್ಮ ಯಾವ ನಾಡಿಗೆ ಹೋಯಿತೋ ಆ ನಾಡಿನ ಮನೆಯಲ್ಲಿ ವಾಸ ಮಾಡಿತು.

ನಮ್ಮ ದೇಶದಲ್ಲಿಯೂ ಹಾಗೆಯೇ ಆಗಿತ್ತು. ಪ್ರೇಷಿತ ತೋಮಾಸರ ಪರಂಪರೆಯವರಾದ ಕೇರಳದ ಕ್ರೈಸ್ತರು ಐರೋಪ್ಯರು ಬರುವ ಶತಮಾನಗಳ ಮೊದಲೇ ಆ ನಾಡಿನ ಬಡಗಿಗಳಿಂದ, ಆ ನಾಡಿನ ಮರದಿಂದ, ಇಳಿಜಾರು ಮಾಡಿನ ದೇವಾಲಯಗಳನ್ನು ಕಟ್ಟಿಕೊಂಡಿದ್ದರು. ಅಂಗಳದಲ್ಲಿ ಕಲ್ಲಿನ ಶಿಲುಬೆ, ಎದುರಿಗೆ ಧ್ವಜಸ್ತಂಭ, ಒಳಗೆ ಎಣ್ಣೆಯ ದೀಪ. ಪೋರ್ಚುಗೀಸರು ಬಂದ ಮೇಲೆ ಆ ದೇವಾಲಯಗಳ ಮುಂದೆ ಎತ್ತರದ ಸುಣ್ಣಗಾರೆಯ ಮುಖಭಿತ್ತಿ ಎದ್ದಿತು. ಹಿಂದಿನ ಮಾಡು ಕೇರಳದ್ದು, ಮುಂದಿನ ಮುಖ ಐರೋಪ್ಯ. ಇಂದಿಗೂ ಅಲ್ಲಿ ಎರಡೂ ಜೊತೆಯಾಗಿ ನಿಂತಿವೆ.

ಇನ್ನು ಗೋವೆಗೆ ಹೋಗೋಣ. ನಮ್ಮ ಕುಟುಂಬಗಳಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನಕ್ಕೆ ಹೋಗಿ ಬಾರದ ಮನೆ ಕಡಿಮೆ. 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಮ್ಮನವರ ಹಬ್ಬದ ದಿನ, ಪೋರ್ಚುಗೀಸರು ಗೋವೆಯನ್ನು ಗೆದ್ದರು. ಆ ಕಾರಣಕ್ಕೇ ಅಲ್ಲಿಯ ಸೇ ಪ್ರಧಾನಾಲಯಕ್ಕೆ ಆ ಸಂತೆಯ ಹೆಸರು. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿಯಿತು, ಮತ್ತೆ ಕಟ್ಟಲಿಲ್ಲ. 1594ರಲ್ಲಿ ಅಸ್ತಿವಾರ ಹಾಕಿ 1605ರಲ್ಲಿ ಪ್ರತಿಷ್ಠಾಪಿಸಿದ ಬೋಂ ಜೀಸಸ್ ಮಹಾದೇವಾಲಯದಲ್ಲಿ ಸಂತ ಕ್ಸೇವಿಯರರ ಶರೀರವಿದೆ. ನಕ್ಷೆ ಯುರೋಪಿನದು. ಆದರೆ ಗೋಡೆ ನಮ್ಮ ಕರಾವಳಿಯ ಜಂಬಿಟ್ಟಿಗೆ ಕಲ್ಲಿನದು. ಗೋವೆಯ ಹಳೆಯ ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾದ ಚಿಪ್ಪುಗಳನ್ನು ಕೂರಿಸಿದ್ದಾರೆ. ಬೆಳಕು ಬರುತ್ತದೆ, ಬಿಸಿಲಿನ ಚುರುಕು ಬರುವುದಿಲ್ಲ. ಪೀಠಗಳ ಮರದ ಕೆತ್ತನೆ ಆ ನೆಲದ ಕುಶಲಕರ್ಮಿಗಳದು. ಅಲ್ಲಿಯ ಕೆಲವು ಪ್ರಬೋಧನಾ ವೇದಿಕೆಗಳನ್ನು ಹೊತ್ತು ನಿಂತವರು ನಾಗಕನ್ಯೆಯರು! ಪೋರ್ಚುಗಲ್‌ನ ಯಾವ ಬಡಗಿ ನಾಗಕನ್ಯೆಯನ್ನು ಕಂಡಿದ್ದಾನು?

ಆದರೆ ಪ್ರಿಯರೇ, ಗೋವೆಯ ಸೊಬಗನ್ನು ಮಾತ್ರ ಹೇಳಿ ಮುಂದೆ ಹೋದರೆ ನಾವು ಸತ್ಯವನ್ನು ಅರ್ಧ ಹೇಳಿದಂತಾಗುತ್ತದೆ. 1540ರಿಂದ ಮುಂದಿನ ದಶಕಗಳಲ್ಲಿ ಪೋರ್ಚುಗೀಸರ ಆಳ್ವಿಕೆಯ ಪ್ರದೇಶದಲ್ಲಿ ಹಿಂದೂ ದೇವಸ್ಥಾನಗಳನ್ನು ಕೆಡವಲಾಯಿತು. ಜನರು ರಾತ್ರೋರಾತ್ರಿ ತಮ್ಮ ದೇವರ ಮೂರ್ತಿಗಳನ್ನು ಹೊತ್ತುಕೊಂಡು ಹೊಳೆ ದಾಟಿದರು. ಕುಶಸ್ಥಳಿಯ ಮಂಗೇಶಿ, ಕೇಳೋಶಿಯ ಶಾಂತಾದುರ್ಗೆ ಫೋಂಡಾ ಕಡೆಯ ಹಳ್ಳಿಗಳಿಗೆ ಹೋದದ್ದು ಹೀಗೆ. 1560ರಲ್ಲಿ ಸ್ಥಾಪನೆಯಾದ ಧರ್ಮ ವಿಚಾರಣಾ ನ್ಯಾಯಾಲಯ ಹೊಸ ಕ್ರೈಸ್ತರನ್ನೂ ಬಿಡಲಿಲ್ಲ. ಕೊಂಕಣಿ ಮಾತನಾಡುವ ಅನೇಕ ಕ್ರೈಸ್ತ ಕುಟುಂಬಗಳು ಗೋವೆ ಬಿಟ್ಟು ಕೆನರಾ ಸೀಮೆಗೆ ಬಂದದ್ದಕ್ಕೆ ಬರ, ಯುದ್ಧಗಳ ಜೊತೆ ಇದೂ ಒಂದು ಕಾರಣ. ಶಿಲುಬೆಯ ಹೆಸರಿನಲ್ಲಿ ನೆರೆಯವನ ಪೂಜಾಸ್ಥಳವನ್ನು ಕೆಡವಿದ್ದು ಪಾಪ. 2000ನೇ ಇಸವಿಯ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪೌಲರು ಧರ್ಮಸಭೆಯ ಮಕ್ಕಳು ಸತ್ಯದ ಹೆಸರಿನಲ್ಲಿ ಮಾಡಿದ ಬಲಾತ್ಕಾರಕ್ಕಾಗಿ, ಇತರ ಸಂಸ್ಕೃತಿ ಧರ್ಮಗಳಿಗೆ ಮಾಡಿದ ಅಗೌರವಕ್ಕಾಗಿ ದೇವರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು. ಜಗದ್ಗುರುಗಳೇ ಬೇಡಿದ ಮೇಲೆ ನಮಗೆ ಯಾವ ಸಂಕೋಚ? ಆ ಹುಡುಗನ ಸ್ನೇಹಿತನಿಗೆ ಉತ್ತರ ಕೊಡುವ ಮೊದಲು ನಾವು ಇದನ್ನು ಒಪ್ಪಿಕೊಳ್ಳಬೇಕು.

ಅದೇ ಕಥೆಯಲ್ಲಿ ಮತ್ತೊಂದು ವಿಸ್ಮಯವಿದೆ. ಹೊಳೆ ದಾಟಿ ಹೋದವರು 18ನೇ ಶತಮಾನದಲ್ಲಿ ತಮ್ಮ ದೇವಸ್ಥಾನಗಳನ್ನು ದೊಡ್ಡದಾಗಿ ಕಟ್ಟಿಕೊಂಡಾಗ, ಶಿಖರದ ಜಾಗದಲ್ಲಿ ಗುಮ್ಮಟವನ್ನೂ, ಕಮಾನಿನ ಕಿಟಕಿಗಳನ್ನೂ, ಒಳಗೆ ಗಾಜಿನ ತೂಗುದೀಪಗಳನ್ನೂ ಇಟ್ಟುಕೊಂಡರು. ತಮ್ಮನ್ನು ಓಡಿಸಿದವರ ಕಟ್ಟಡದಲ್ಲಿ ಅಂದವಾದದ್ದನ್ನು ಕಂಡು ಅದನ್ನು ತಮ್ಮ ದೇವರಿಗೆ ಅರ್ಪಿಸಿದರು. ಅಷ್ಟು ನೊಂದವರಿಗೆ ಅಷ್ಟು ದೊಡ್ಡ ಮನಸ್ಸಿತ್ತು. ನಮಗೆ ಅವರಿಂದ ಕಲಿಯಲಿಕ್ಕಿದೆ.

ನಮ್ಮ ರಾಜ್ಯದ ಕರಾವಳಿಯಲ್ಲಿ ಯುರೋಪಿನಿಂದ ಬಂದ ಒಂದು ವಸ್ತು ಎಲ್ಲ ಮತಗಳವರ ತಲೆಯ ಮೇಲೂ ನೆರಳಾಗಿದೆ. ಅದೇ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಆರಂಭಿಸಿದರು. ಅವರು ಪ್ರೊಟೆಸ್ಟೆಂಟ್ ಸಹೋದರರು. ಒಂದಕ್ಕೊಂದು ಕೊಂಡಿಯಂತೆ ಕೂರುವ ಆ ಹೆಂಚಿನ ಉಪಾಯ ಯುರೋಪಿನದು, ಮಣ್ಣು ನೇತ್ರಾವತಿ ಗುರುಪುರ ನದಿಗಳ ದಂಡೆಯದು, ತುಳಿದು ಹದ ಮಾಡಿದ ಕಾಲುಗಳು ನಮ್ಮವರದು. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯವಿತ್ತು, ಮತ್ತೆಮತ್ತೆ ಹೊದಿಸುವ ಖರ್ಚಿತ್ತು. ಹೆಂಚು ಆ ಭಯವನ್ನು ಕಳೆಯಿತು. ದೇವಸ್ಥಾನವೂ ಮಸೀದಿಯೂ ಚರ್ಚೂ ಶಾಲೆಯೂ ಅದನ್ನು ಹೊದ್ದವು. ಇಂದು ಮಂಗಳೂರು ಹೆಂಚನ್ನು ಯಾರಾದರೂ ಜರ್ಮನ್ ಹೆಂಚು ಎನ್ನುತ್ತಾರೆಯೇ? ಅದೇ ಊರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗಳ ಮೇಲೆ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ ಸುಮಾರು ಎರಡು ವರ್ಷ ಚಿತ್ರ ಬರೆದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ತಮ್ಮ ಊರಿಗೆ ಮರಳಲಿಲ್ಲ. ಆಳಲು ಬಂದವರಿದ್ದರು, ಹೀಗೆ ದುಡಿಯಲು ಬಂದು ಈ ಮಣ್ಣಿನಲ್ಲೇ ಸೇರಿಹೋದವರೂ ಇದ್ದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕವನ್ನು ನೋಡಿ. 1882ರಲ್ಲಿ ಪೂರ್ಣಗೊಂಡ ಗಾಥಿಕ್ ಶೈಲಿಯ ದೇವಾಲಯ. ಕಮಾನಿನ ತುದಿಯನ್ನು ಚೂಪು ಮಾಡಿದರೆ ಭಾರ ಪಕ್ಕಕ್ಕೆ ತಳ್ಳುವುದು ಕಡಿಮೆಯಾಗಿ ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ಆಗ ಗೋಡೆಯನ್ನು ಎತ್ತರಿಸಬಹುದು, ದೊಡ್ಡ ಕಿಟಕಿ ಇಡಬಹುದು. ಬಿಸಿಲು ಕಡಿಮೆಯಿರುವ ಉತ್ತರ ಯುರೋಪಿನವರಿಗೆ ಬೆಳಕಿನ ಆಸೆ. ಅದರಿಂದ ಬೆಳೆದ ವಿದ್ಯೆ ಇದು. ಆ ಚೂಪು ಕಮಾನುಗಳ ಆವರಣದಲ್ಲಿ ನಮ್ಮ ತಾಯಿ ಹೇಗಿದ್ದಾರೆ? ಸೀರೆ ಉಟ್ಟು ನಿಂತಿದ್ದಾರೆ. ಸೆಪ್ಟೆಂಬರ್ 8ರಂದು ತೇರಿನಲ್ಲಿ ಬೀದಿಗೆ ಬರುತ್ತಾರೆ, ಕಾವಿ ಬಣ್ಣದ ಬಟ್ಟೆಯುಟ್ಟ ಭಕ್ತರು ಜಾತಿಮತ ನೋಡದೆ ಕೈಮುಗಿಯುತ್ತಾರೆ. ಕಮಾನು ಫ್ರಾನ್ಸಿನದಾದರೂ ತಾಯಿ ನಮ್ಮವರೇ.

ಮೈಸೂರಿನ ಸಂತ ಫಿಲೋಮಿನ ಪ್ರಧಾನಾಲಯದ 175 ಅಡಿ ಎತ್ತರದ ಜೋಡಿ ಗೋಪುರಗಳು ಜರ್ಮನಿಯ ಕಲೋನ್ ಪ್ರಧಾನಾಲಯವನ್ನು ನೆನಪಿಸುತ್ತವೆ. ಅದರ ಅಡಿಗಲ್ಲು ಹಾಕಿದವರು ಯಾರು? 1933ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡೇಶ್ವರಿಯ ಭಕ್ತರಾದ ದೊರೆ ತಮ್ಮ ಕ್ರೈಸ್ತ ಪ್ರಜೆಗಳ ಪ್ರಾರ್ಥನೆಯ ಮನೆಗೆ ಅಡಿಗಲ್ಲಿಟ್ಟರು. ಅದೇ ಊರಿನ ಅರಮನೆಯನ್ನು 1897ರ ಬೆಂಕಿಯ ನಂತರ ಮತ್ತೆ ಕಟ್ಟಲು ನಕ್ಷೆ ಕೊಟ್ಟವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ. ಅದರ ಕಲ್ಯಾಣಮಂಟಪದ ಎರಕದ ಕಂಬಗಳು ಬಂದದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ. ಹಾಗೆಂದು ದಸರೆಯ ಅರಮನೆಯನ್ನು ವಿದೇಶಿ ಎನ್ನಲು ನಮಗೆ ಮನಸ್ಸು ಬರುತ್ತದೆಯೇ?

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತಿಗೆ ಬರೋಣ. ಈಗ ಒಮ್ಮೆ ತಲೆಯೆತ್ತಿ ನೋಡಿ. ಈ ಕಮಾನುಗಳು, ಈ ತೊಲೆಗಳು, ಈ ಹೆಂಚುಗಳು. ನಕ್ಷೆ ಹಾಕಿದ್ದು ಫ್ರೆಂಚ್ ಗುರುಗಳು. ಇಟ್ಟಿಗೆ ಸುಟ್ಟು, ಸುಣ್ಣ ಅರೆದು, ಕಲ್ಲು ಹೊತ್ತವರು ನಮ್ಮ ಮುತ್ತಜ್ಜ ಮುತ್ತಜ್ಜಿಯರು. ಈಗ ಬಲಗಡೆಯ ಗೋಡೆ ನೋಡಿ. ಹಗ್ಗ ಕಟ್ಟಿ ಅತ್ತ ಯಾರೂ ಕೂರಬಾರದೆಂದು ಬರೆದಿದ್ದೇವೆ. ಆ ಬಿರುಕು ಹೇಗೆ ಬಂತು?

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಈ ದೇವಾಲಯವನ್ನು 'ಚೆಂದ' ಮಾಡಿದೆವು. ಗೋಡೆಯ ಸುಣ್ಣಗಾರೆ ಕಿತ್ತು ಸಿಮೆಂಟ್ ಬಳಿದು, ಮೇಲೆ ಎಣ್ಣೆಬಣ್ಣ ಹಚ್ಚಿದೆವು. ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕಿತು. ಒಳಗಿನ ಗಾರೆ ಸಡಿಲವಾಯಿತು. ಗೋವೆಯ ಬೋಂ ಜೀಸಸ್ ದೇವಾಲಯದಲ್ಲಿ ಇದಕ್ಕೆ ತಿರುಗುಮುರುಗಾಗಿ, 1950ರ ದಶಕದಲ್ಲಿ ಹೊರಗಿನ ಗಾರೆಯನ್ನೇ ಕಿತ್ತು ಕಲ್ಲನ್ನು ಬೆತ್ತಲೆ ಬಿಟ್ಟರು. ಆ ಮೆದು ಕಲ್ಲು ಮಳೆಗೆ ಸವೆಯುತ್ತಿದೆಯೆಂದು ತಿಳಿದವರು ಎಚ್ಚರಿಸಿದ್ದಾರೆ. ಒಳ್ಳೆಯ ಉದ್ದೇಶದಿಂದಲೇ ಕೆಟ್ಟ ಕೆಲಸ ಆಗಬಹುದು.

ಅದೇ ವರ್ಷ ನಮ್ಮ ಹಳೆಯ ಮರದ ಪೀಠವನ್ನೂ ತೆಗೆದೆವು. ತಿರುಚಿದ ಕಂಬಗಳು ಐರೋಪ್ಯ ಶೈಲಿಯವು. ಕಂಬಕ್ಕೆ ಹಬ್ಬಿದ ಬಳ್ಳಿಯಲ್ಲಿ ಇದ್ದದ್ದು ನಮ್ಮ ಮಾವಿನ ಮಿಡಿ, ನಮ್ಮ ಗಿಳಿ. ಗೆದ್ದಲು ಹಿಡಿದಿದೆಯೆಂದು ಪಟ್ಟಣದಿಂದ ಬಂದ ವ್ಯಾಪಾರಿಗೆ ಸೌದೆಯ ಲೆಕ್ಕದಲ್ಲಿ ಮಾರಿ, ಗ್ರಾನೈಟ್ ಪೀಠ ತಂದೆವು. ಮರುವಾರ ಒಬ್ಬ ವೃದ್ಧೆ ಬಲಿಪೂಜೆಯ ನಂತರ ಮುಂದೆ ಬಂದು ಬರಿದಾದ ಗೋಡೆಯನ್ನು ಕೈಯಿಂದ ಸವರುತ್ತಾ, "ನನ್ನ ತಾಳಿ ಕಟ್ಟಿದ್ದು ಇಲ್ಲಿ, ನಮ್ಮ ಯಜಮಾನರ ಪೆಟ್ಟಿಗೆ ಇಟ್ಟಿದ್ದು ಇಲ್ಲಿ. ಒಂದು ಮಾತು ಕೇಳಬಾರದಿತ್ತಾ ಸ್ವಾಮಿ?" ಎಂದರಂತೆ. ಆಗಿದ್ದವರು ಬೇರೆ, ಈಗಿರುವವರು ನಾವು ಎಂದು ಜಾರಿಕೊಳ್ಳುವುದು ಬೇಡ. ನಾವು ಕೇಳಲಿಲ್ಲ. ಕೇಳಬೇಕಾಗಿತ್ತು. ಶುಭಸಂದೇಶದ ವ್ಯಾಪಾರಿಗಳು ದೇವಾಲಯದೊಳಗೆ ಪಾರಿವಾಳ ಮಾರಿದರು. ನಾವು ಪೀಠವನ್ನೇ ಮಾರಿದೆವು.

ಇದರರ್ಥ ಹಳೆಯ ಗೋಡೆಯನ್ನೇ ಪೂಜಿಸಬೇಕೆಂದಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಫ್ರೆಂಚ್ ಗುರುಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದಾಗ ಜನ ಊರು ಬಿಡಬೇಕಾಯಿತು. ಮಳೆಗಾಲದಲ್ಲಿ ದೇವಾಲಯದ ಅರ್ಧ ನೀರಿನಲ್ಲಿ, ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲುತ್ತದೆ. ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಆ ಊರಿನ ಧರ್ಮಸಭೆ ಮುಳುಗಲಿಲ್ಲ. ಜನ ಹೋದಲ್ಲಿ ಅದೂ ಹೋಯಿತು, ಜಪಸರ ಹೋಯಿತು, ಹಬ್ಬ ಹೋಯಿತು. ತಮ್ಮ ದೇಹವೇ ದೇವಾಲಯವೆಂದು ಪ್ರಭು ಹೇಳಿದ್ದರ ಅರ್ಥ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಇನ್ನು ಮುಂದೆ ಕಟ್ಟುವವರು ಹೇಗೆ ಕಟ್ಟಬೇಕು? ಧರ್ಮಸಭೆ ಯಾವುದೇ ಒಂದು ಕಲಾಶೈಲಿಯನ್ನು ತನ್ನದೇ ಎಂದು ಹಿಡಿದುಕೊಂಡಿಲ್ಲ, ಆಯಾ ಜನರ ಕಲೆಗೆ ಅದರಲ್ಲಿ ಸ್ಥಾನವಿದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿತು. ಆ ಮಾತನ್ನು ನಮ್ಮ ನಾಡಿನಲ್ಲಿ ನಡೆಸಿ ತೋರಿಸಿದವರು ಗುರು ಅಮಲೋರ್ಪವದಾಸ್. ಬೆಂಗಳೂರಿನ ರಾಷ್ಟ್ರೀಯ ಬೈಬಲ್ ಧರ್ಮೋಪದೇಶ ಆರಾಧನಾ ಕೇಂದ್ರವನ್ನೂ ಮೈಸೂರಿನ ಅಂಜಲಿ ಆಶ್ರಮವನ್ನೂ ಕಟ್ಟಿದವರು. ಇಂಗ್ಲೆಂಡಿನಲ್ಲಿ ಹುಟ್ಟಿ, ಗಾಂಧೀಜಿಯವರ ಮಾತಿಗೆ ಮನಸೋತು, ತಿರುವನಂತಪುರದಲ್ಲಿ ನೆಲೆಸಿದ ಲಾರಿ ಬೇಕರ್ ಇಟ್ಟಿಗೆಯ ಜಾಲಂಧ್ರಗಳಿಂದ ಗಾಳಿಬೆಳಕು ಬರುವ ಪ್ರಾರ್ಥನಾಲಯಗಳನ್ನು ಕಡಿಮೆ ಖರ್ಚಿನಲ್ಲಿ ಕಟ್ಟಿದರು. ನಾವಾದರೋ ಸಾಲ ಮಾಡಿ, ಸಿಮೆಂಟಿನಲ್ಲಿ ಸುಳ್ಳು ಗಾಥಿಕ್ ಕಮಾನು ಎರಕ ಹೊಯ್ದು, ಪಕ್ಕದ ಊರಿನ ಗೋಪುರಕ್ಕಿಂತ ನಮ್ಮದು ಹತ್ತಡಿ ಎತ್ತರವಿರಲಿ ಎನ್ನುತ್ತಿದ್ದೇವೆ. ಆ ಹತ್ತಡಿಯ ಹಣದಲ್ಲಿ ಎಷ್ಟು ಮಕ್ಕಳ ಶಾಲಾ ಶುಲ್ಕ ಕಟ್ಟಬಹುದು, ಲೆಕ್ಕ ಹಾಕಿದ್ದೇವೆಯೇ?

ಆದ್ದರಿಂದ ಈ ಹಬ್ಬದಂದು ನಾವು ಮೂರು ನಿರ್ಧಾರಗಳನ್ನು ಮಾಡೋಣ. ಮೊದಲನೆಯದು, ಸುಣ್ಣದ ಕೆಲಸ ಬಲ್ಲವರು ಬಂದು ಆ ಗೋಡೆಯನ್ನು ಪರೀಕ್ಷಿಸಿ ಹೇಳುವವರೆಗೆ ಒಂದು ಇಟ್ಟಿಗೆಯನ್ನೂ ಕೀಳುವುದು ಬೇಡ. ಅವರು ಉಳಿಯದು ಎಂದರೆ ಕೃತಜ್ಞತೆಯಿಂದ ಬೀಳ್ಕೊಡೋಣ. ಉಳಿಯುತ್ತದೆ ಎಂದರೆ ತಾಳ್ಮೆಯಿಂದ ದುರಸ್ತಿ ಮಾಡೋಣ. ಎರಡನೆಯದು, ತೀರ್ಮಾನಿಸುವ ಸಭೆಗೆ ಸಮಿತಿಯವರಷ್ಟೇ ಅಲ್ಲ, ಅಜ್ಜಿಯರೂ ಬರಲಿ, ಹರೆಯದವರೂ ಬರಲಿ. ಈ ಬಾರಿ ಕೇಳದೆ ಏನನ್ನೂ ಮಾಡುವುದಿಲ್ಲ. ಮೂರನೆಯದು, ಬರುವ ಕ್ರಿಸ್ತಜಯಂತಿಗೆ ಪ್ರತಿ ಕುಟುಂಬವೂ ಅನ್ಯಧರ್ಮದ ಒಂದು ನೆರೆಯ ಕುಟುಂಬವನ್ನು ಇಲ್ಲಿಗೆ ಕರೆತಂದು ಈ ದೇವಾಲಯವನ್ನು ತೋರಿಸಲಿ. ಯೆಜೆಕಿಯೇಲರು ಕಂಡ ನೀರು ಹರಿದದ್ದು ಹೊರಗೆ. ದೇವಾಲಯದಿಂದ ಊರಿಗೆ ಒಳಿತು ಹರಿಯದಿದ್ದರೆ ಗೋಡೆ ಯಾರ ಶೈಲಿಯದಾದರೆ ಏನು ಬಂತು?

ಪ್ರಶ್ನೆ ಕೇಳಿದ ಆ ಮಗನಿಗೆ ನಾವು ಹೇಳುವುದಿಷ್ಟು. ಮಗನೇ, ನಿನ್ನ ಸ್ನೇಹಿತನ ಮೇಲೆ ಸಿಟ್ಟಾಗಬೇಡ. ಈ ಕಮಾನು ಹೊರಗಿನಿಂದ ಬಂದದ್ದು ನಿಜ ಎಂದು ಹೇಳು. ತಪ್ಪುಗಳೂ ನಡೆದಿವೆ, ಅದಕ್ಕೆ ನಮಗೆ ನೋವಿದೆ ಎಂದೂ ಹೇಳು. ಆಮೇಲೆ ಅವನ ಕೈಹಿಡಿದು ಕರೆದುಕೊಂಡು ಬಾ. ಇಲ್ಲಿಯ ಇಟ್ಟಿಗೆ ನಮ್ಮ ಕೆರೆಯ ಮಣ್ಣಿನದು, ಇಲ್ಲಿಯ ಪ್ರಾರ್ಥನೆ ನಮ್ಮ ಕನ್ನಡದ್ದು, ಇದನ್ನು ಹೊತ್ತು ಕಟ್ಟಿದವರು ನಮ್ಮ ಮುತ್ತಜ್ಜಂದಿರು ಎಂದು ತೋರಿಸು.

ಪ್ರಾರ್ಥಿಸೋಣ. ಸ್ವರ್ಗೀಯ ತಂದೆಯೇ, ನಮ್ಮನ್ನು ಜೀವಂತ ಕಲ್ಲುಗಳಾಗಿ ಆರಿಸಿಕೊಂಡಿದ್ದೀರಿ. ನಮ್ಮ ಪೂರ್ವಜರು ಬೆವರು ಸುರಿಸಿ ಕಟ್ಟಿದ್ದನ್ನು ಕಾಪಾಡುವ ವಿವೇಕವನ್ನು, ಅವರು ತಪ್ಪಿದ್ದನ್ನು ಒಪ್ಪಿಕೊಳ್ಳುವ ದೀನತೆಯನ್ನು ನಮಗೆ ನೀಡಿರಿ. ನಮ್ಮ ದೇವಾಲಯದ ಬಾಗಿಲು ನೊಂದವರಿಗೂ ನೆರೆಯವರಿಗೂ ಸದಾ ತೆರೆದಿರಲಿ. ಪ್ರಭು ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.